ಓದಿದ್ದಾಗಿ ಭಾವಿಸಬೇಕು

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸರು ಹಕಾರಕ್ಕೆ ಉಸಿರು ದಂಡ ಮಾಡುವುದಿಲ್ಲ. ಅಲ್ಲಿ ಹಬೆ ಭುಸ್ಸೆನ್ನುತ್ತಿರುತ್ತದೆ, ಇಸ್ತ್ರಿ ರೋಲರು ಗಡಗಡಿಸುತ್ತಿರುತ್ತದೆ, ಒದ್ದೆ ಬಟ್ಟೆ ಹಿಂಡುವ ಡ್ರಮ್ಮು ಒಂದೇ ಸಮ ಗೋಳಾಡುತ್ತಿರುತ್ತದೆ. ಇಷ್ಟರ ನಡುವೆ ಮಾತು ಆಚೆ ತುದಿಯವಳ ಕಿವಿ ಮುಟ್ಟಬೇಕೆಂದರೆ ಮೊದಲ ಅಕ್ಷರದಲ್ಲೇ ಗಾಳಿ ಸೋರಿಹೋಗಬಾರದು. ಹಾಗಾಗಿ ಅಲ್ಲಿ ಹಾಸಿಗೆ ಆಸಿಗೆಯಾಗುತ್ತದೆ, ಹಬೆ ಅಬೆಯಾಗುತ್ತದೆ, ಹೇಳು ಎನ್ನುವುದು ಏಳು ಆಗುತ್ತದೆ. 'ಏಳೇ' ಎಂದರೆ ಎದ್ದು ನಿಲ್ಲು ಎಂದೋ, ಬಾಯಿಬಿಟ್ಟು ಹೇಳು ಎಂದೋ, ಸಮಯ ನೋಡಿ ತಿಳಿದುಕೊಳ್ಳಬೇಕು. ಅಲ್ಲಿಯವರಿಗೆ ಅದೊಂದು ತೊಡಕೇ ಅಲ್ಲ.

ಆ ಲಾಂಡ್ರಿಯಿಂದ ಒಬ್ಬಳು ಎದ್ದು ದೇಶದ ಸಂಸತ್ತಿಗೆ ಹೋದಳು. ಜೊತೆಯವರು ಅವಳನ್ನು ಕರೆಯುತ್ತಿದ್ದದ್ದು ಕಹಳೆ ಎಂದು. ಆ ಹೆಸರಿನ ಹಕಾರ ನಡುವೆ ಸಿಕ್ಕಿಕೊಂಡಿದ್ದರಿಂದ ಬದುಕಿ ಉಳಿದಿತ್ತು. ಅವಳ ಗಂಟಲು ಅಂಥದ್ದು. ಅವಳ ದೊಡ್ಡಮ್ಮನೂ ಅಲ್ಲೇ ಕೆಲಸಕ್ಕಿದ್ದಳು. ತಾಯಿ ಸತ್ತ ಮೇಲೆ ಸಾಕಿದವಳು, ಕೆಲಸಕ್ಕೆ ಸೇರಿಸಿದವಳೂ ಅವಳೇ. ಒಂದು ದಿನ ದೊಡ್ಡಮ್ಮನ ಬೆರಳು ಹಳೆಯ ರೋಲರಿಗೆ ಸಿಕ್ಕಿತು. ಕಹಳೆ ಇನ್ನೊಂದು ತುದಿಯಿಂದ ಕೂಗಿದ ಕೂಗಿಗೆ ಆಚೆ ಕೋಣೆಯಲ್ಲಿದ್ದ ಮೆಕ್ಯಾನಿಕ್ಕು ಗಾಬರಿಯಾಗಿ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟ. ಕೈ ಉಳಿಯಿತು, ಎರಡು ಬೆರಳು ಮೊಟಕಾದವು. ಆಮೇಲೆ ಚಿಕಿತ್ಸೆ ಕೊಡಿ ಎಂದು ಆಸ್ಪತ್ರೆಯ ಗೇಟಿನಲ್ಲಿ ನಿಂತು ಕೂಗಿದವಳೂ ಕಹಳೆಯೇ. ಗೇಟಿನ ಹೊರಗೆ ಹೋಗುತ್ತಿದ್ದ ಪಕ್ಷದವರು ಆ ದನಿ ಕೇಳಿಸಿಕೊಂಡರು. ಹೀಗೆ ಟಿಕೆಟ್ಟು ಸಿಕ್ಕಿತು, ಜನ ಗೆಲ್ಲಿಸಿದರು.

ಸಂಸತ್ತಿನಲ್ಲಿ ಮೊದಲ ಭಾಷಣಕ್ಕೆಂದು ಅವಳು ಬಹಳ ಕಷ್ಟಪಟ್ಟಳು. ನಿವೃತ್ತ ಮೇಷ್ಟ್ರೊಬ್ಬರನ್ನು ಭಾಷಣ ಬರೆಯಲು ಇಟ್ಟುಕೊಂಡಿದ್ದಳು. ಅವರು ದಿನಾ ತಿದ್ದುತ್ತಿದ್ದರು.

"ಅಕ್ಕು ಅಲ್ಲ ತಾಯಿ, ಹಕ್ಕು. ಹೊಟ್ಟೆಯಿಂದ ಗಾಳಿ ತೆಗೀಬೇಕು. ದೀಪ ಆರಿಸೋ ಹಾಗೆ."

ಅವಳು ದೀಪ ಆರಿಸಿ ಆರಿಸಿ ಕಲಿತಳು. ಕಲಿತದ್ದೇ ಮುಳುವಾಯಿತು. ಆ ದಿನ ಎದ್ದು ನಿಂತಾಗ ಎಲ್ಲಿ ಹಕಾರ ಬಿಟ್ಟುಹೋಗುತ್ತದೋ ಎಂಬ ಭಯಕ್ಕೆ ಇಲ್ಲದ ಕಡೆಗೂ ಊದಿಬಿಟ್ಟಳು. "ಈ ಸದನ ನನಗೆ ತೋರಿದ ಆದರಕ್ಕೆ ನಾನು ಚಿರಋಣಿ" ಎಂದು ಮೇಷ್ಟ್ರು ಬರೆದಿದ್ದರು. ಅವಳ ಬಾಯಲ್ಲಿ ಆದರ ಹೋಗಿ ಹಾದರವಾಯಿತು.

ಹಿಂದಿನ ಸಾಲಿನಿಂದ ಯಾರೋ, "ಸದನ ಅದನ್ನ ಯಾವಾಗ ತೋರಿಸ್ತು ಸ್ವಾಮಿ? ನಾನು ರಜಾದಲ್ಲಿದ್ದೆ!" ಎಂದು ಕೂಗಿದರು. ನಕ್ಕರು ನೋಡಿ, ಆ ಪಕ್ಷ ಈ ಪಕ್ಷ ಅನ್ನದೆ ನಕ್ಕರು. ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಧ್ಯಕ್ಷರು ತುಟಿ ಬಿಗಿಹಿಡಿದು, ಆ ಪದವನ್ನು ಕಡತದಿಂದ ತೆಗೆಯಿರಿ ಎಂದರು. ಕಡತದಿಂದ ತೆಗೆದರು. ಅವಳ ಕಿವಿಯಿಂದ ತೆಗೆಯುವವರು ಯಾರು?

ಅದಾದ ಮೇಲೆ ಕಹಳೆ ಊದಲಿಲ್ಲ.

ಸದನದಲ್ಲಿ ಒಂದು ಪದ್ಧತಿಯಿದೆ. ಹೊತ್ತು ಸಾಲದಿದ್ದರೆ ಸದಸ್ಯರು ಭಾಷಣವನ್ನು ಬರೆದು ಮೇಜಿನ ಮೇಲೆ ಮಂಡಿಸಬಹುದು. ಅದನ್ನು ಓದಿದ್ದಾಗಿ ಭಾವಿಸಿ ಕಡತಕ್ಕೆ ಸೇರಿಸುತ್ತಾರೆ. ಅವಳಿಗೆ ಅದು ಬಿಸಿಲಲ್ಲಿ ಬಂದವರಿಗೆ ನೆರಳು ಕಂಡಂತೆ ಕಂಡಿತು. ಮೇಷ್ಟ್ರು ಬರೆಯುವರು, ನೀರಿನ ಬಗ್ಗೆ, ಶಾಲೆಯ ಬಗ್ಗೆ, ಹೆರಿಗೆ ರಜೆಯ ಬಗ್ಗೆ, ಒಳ್ಳೊಳ್ಳೆಯ ಮಾತುಗಳನ್ನೇ ಬರೆಯುವರು. ಅವಳು ಎದ್ದು, "ನನ್ನ ಭಾಷಣವನ್ನು ಮಂಡಿಸಿದ್ದೇನೆ, ಓದಿದ್ದಾಗಿ ಭಾವಿಸಬೇಕು" ಎಂದು ಕೂತುಬಿಡುವಳು. ಆ ವಾಕ್ಯದಲ್ಲಿ ಹುಡುಕಿದರೂ ಹಕಾರವಿಲ್ಲ.

ಹೊಲಿಗೆ ಮಿಷನ್ನು ರಿಪೇರಿ ಮಾಡುವ ಅವಳ ಗಂಡ ತಮಾಷೆಯ ಮನುಷ್ಯ. ಒಮ್ಮೆ ಟೀವಿಯಲ್ಲಿ ಇದನ್ನು ಕಂಡವನೇ ಆ ಮಾತನ್ನು ಹಿಡಿದುಕೊಂಡುಬಿಟ್ಟ.

"ರೀ, ಪಾತ್ರೆ ತೊಳೆದ್ರಾ?"

"ತೊಳೆದಿದ್ದಾಗಿ ಭಾವಿಸಬೇಕು, ಮಾನ್ಯ ಸದಸ್ಯರೇ."

ದೊಡ್ಡಮ್ಮ ಮನೆಗೆ ಬಂದು ಹೊರಟು ನಿಂತಾಗ, "ಊಟ ಮಾಡ್ಕೊಂಡು ಹೋಗಿ ದೊಡ್ಡಮ್ಮ, ಮಾಡಿದ್ದಾಗಿ ಭಾವಿಸ್ಬೇಡಿ" ಎನ್ನುವನು. ದೊಡ್ಡಮ್ಮನಿಗೆ ಎಲ್ಲಿಂದ ಬಂದ ಮಾತೆಂದು ಗೊತ್ತಿರಲಿಲ್ಲ. ಅಳಿಯ ನಗಿಸುತ್ತಾನೆಂದು ನಗುವಳು. ಕಹಳೆಯೂ ನಗುವಳು. ನಕ್ಕ ಮೇಲೆ ಬಾಯೊಳಗೆ ಏನೋ ಕಹಿ.

ಕಹಿ ಕಹಿಯಾಗಿಯೇ ಇರುತ್ತಿತ್ತೇನೋ. ಅಷ್ಟರಲ್ಲಿ ಸದಸ್ಯರ ಕೆಲಸವನ್ನು ಅಳೆಯುವ ಒಂದು ಸಂಸ್ಥೆಯವರು ವರದಿ ಹೊರಗೆ ಬಿಟ್ಟರು. ಮಹಿಳಾ ಸದಸ್ಯರಲ್ಲಿ ಅತಿ ಹೆಚ್ಚು ಭಾಷಣ ಮಾಡಿದವಳು ಇವಳೇ! ಮಂಡಿಸಿದ್ದನ್ನೂ ಅವರು ಮಾತಾಡಿದ ಲೆಕ್ಕಕ್ಕೇ ಹಾಕಿಕೊಂಡಿದ್ದರು. ಪತ್ರಿಕೆಯಲ್ಲಿ ಫೋಟೋ ಬಂತು. ಲಾಂಡ್ರಿಯ ಹೆಂಗಸರು ಅದನ್ನು ಕತ್ತರಿಸಿ ಹಬೆಯ ಕೊಳವೆಯ ಪಕ್ಕದ ಗೋಡೆಗೆ ಅಂಟಿಸಿದರು.

ದೊಡ್ಡಮ್ಮ ಫೋನು ಮಾಡಿದಳು. "ಏನೇ, ಅಷ್ಟೊಂದು ಮಾತಾಡ್ತೀಯಂತೆ! ನಮ್ಗೆ ಒಂದು ಮಾತು ಏಳಬಾರ್ದಾ? ನಮ್ಮ ಲಾಂಡ್ರಿ ಮಸೂದೆ ಬರೋ ದಿನ ನಾವೆಲ್ಲಾ ಬರ್ತೀವಿ. ಪಾಳಿ ಬದಲಾಯಿಸ್ಕೊಂಡಾಗಿದೆ."

"ಅಷ್ಟು ದೂರ ಯಾಕೆ ದೊಡ್ಡಮ್ಮ..."

"ನೀನು ಕೂಗೋದು ಕೇಳಿ ಎಷ್ಟು ಕಾಲ ಆಯ್ತು. ಫೋನು ಇಡು, ಅಬೆ ಬಂತು."

ಮಸೂದೆ ಲಾಂಡ್ರಿ ಕೆಲಸಗಾರರ ಸುರಕ್ಷತೆಯದು. ರೋಲರಿನೊಳಗೆ ಕೈ ಹೋಗದಂತೆ ಅಡ್ಡಕ್ಕೆ ಒಂದು ಕಂಬಿ ಹಾಕಿಸಬೇಕು ಎಂದಿತ್ತು. ಆದರೆ ಹೊಸ ಯಂತ್ರಗಳಿಗೆ ಮಾತ್ರ. ಹಳೆಯವಕ್ಕೆ ಬೇಡ ಎಂದು ಮೂಲೆಯಲ್ಲೆಲ್ಲೋ ಒಂದು ಸಾಲು ಸೇರಿಸಿದ್ದರು. ಅವಳ ಲಾಂಡ್ರಿಯಲ್ಲಿ ಇದ್ದದ್ದೆಲ್ಲ ಹಳೆಯವೇ.

ಮೇಷ್ಟ್ರು ಹೇಳಿದರು, "ತಾಯಿ, ಈ ಸಲ ಕಾಗದ ಇಟ್ರೆ ಆಗಲ್ಲ. ಸಚಿವರು ಉತ್ತರ ಕೊಡೋದು ಕಿವಿಗೆ ಬಿದ್ದದ್ದಕ್ಕೆ. ಮೇಜಿನ ಮೇಲಿಟ್ಟದ್ದನ್ನ ಯಾರು ಓದ್ತಾರೆ? ಒಂದೇ ಮಾತು ಹೇಳಿ ಸಾಕು, ಹಳೆ ಯಂತ್ರಕ್ಕೂ ಕಂಬಿ ಹಾಕಿ ಅಂತ."

"ಬೇರೆ ಪದ ಇಲ್ವಾ ಮೇಷ್ಟ್ರೇ? ಹಳೆ ಅನ್ನೋದಕ್ಕೆ?"

ಮೇಷ್ಟ್ರು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು. ಅವರಿಗೆ ಆಗಲೇ ಅರ್ಥವಾದದ್ದು. ಪಾಪ, 'ಪುರಾತನ' ಎಂದು ಬರೆದರು, 'ಪ್ರಾಚೀನ' ಎಂದು ಬರೆದರು. ರಾಜರ ಕಾಲದ ರೋಲರು ಎಂದಂತಾಯಿತು. ಹೊಡೆದುಹಾಕಿ ಮತ್ತೆ 'ಹಳೆ' ಎಂದೇ ಬರೆದರು.

ಆ ದಿನ ಬಂತು. ಹೆಂಗಸರು ವೀಕ್ಷಕರ ಗ್ಯಾಲರಿಯ ಮುಂದಿನ ಸಾಲಿನಲ್ಲೇ ಕೂತಿದ್ದರು. ಇಸ್ತ್ರಿ ಮಾಡುವವರ ಬಟ್ಟೆಯಲ್ಲವೇ, ಒಂದು ಮಡಿಕೆ ಕೆಟ್ಟಿರಲಿಲ್ಲ. ಚಪ್ಪಾಳೆ ತಟ್ಟಬಾರದು, ಮಾತಾಡಬಾರದು ಎಂದು ಕಾವಲಿನವನು ಹೇಳಿದ್ದಕ್ಕೆ ಎಲ್ಲರೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ದೊಡ್ಡಮ್ಮ ಮಾತ್ರ ಎದುರಿನ ಕಟಕಟೆ ಹಿಡಿದಿದ್ದಳು. ಅಷ್ಟು ಎತ್ತರದಲ್ಲೂ ಆ ಮೊಟಕು ಬೆರಳುಗಳು ಕಹಳೆಗೆ ಕಂಡವು.

ಅಧ್ಯಕ್ಷರು ಕರೆದರು. ಅವಳು ಎದ್ದಳು. ಕೈಯಲ್ಲಿ ಕಾಗದ. ಮೊದಲ ಸಾಲೇ, 'ಹಳೆ ಯಂತ್ರಗಳ ಬಗ್ಗೆ ಹೇಳಬೇಕು.' ಎರಡು ಹಕಾರ, ಬಾಗಿಲಿಗೆ ಅಡ್ಡ ನಿಂತ ಎರಡು ನಾಯಿಗಳ ಹಾಗೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ತಿರುಗಿ ನೋಡಿದರು. ಅವರ ತುಟಿ ಅಲುಗಿತು. ಆಕಳಿಕೆ ತಡೆಯುತ್ತಿದ್ದರೋ ನಗು ತಡೆಯುತ್ತಿದ್ದರೋ, ದೇವರೇ ಬಲ್ಲ. ಅವಳಿಗೆ ನಗುವಾಗಿಯೇ ಕಂಡಿತು. ಹೊಟ್ಟೆಯಲ್ಲಿ ಗಾಳಿ ಇರಲಿಲ್ಲ.

"ನನ್ನ ಭಾಷಣವನ್ನು ಮಂಡಿಸಿದ್ದೇನೆ. ಓದಿದ್ದಾಗಿ ಭಾವಿಸಬೇಕು."

ಅಂದದ್ದು ತಾನೇ ಎಂದು ಅವಳಿಗೆ ಗೊತ್ತಾದದ್ದು ಕೂತ ಮೇಲೆ. ಸಿಬ್ಬಂದಿಯವನು ಬಂದು ಕೈಯಿಂದ ಕಾಗದ ತೆಗೆದುಕೊಂಡು ಹೋದ. ಅವಳು ಕೊಟ್ಟೂಬಿಟ್ಟಳು.

ಕೊನೆಯಲ್ಲಿ ಸಚಿವರು ಎದ್ದರು. "ಹಳೆ ಯಂತ್ರಗಳ ವಿನಾಯಿತಿ ಬಗ್ಗೆ ಮಾನ್ಯ ಸದಸ್ಯರು ಯಾರೂ ಮಾತಾಡಿಲ್ಲ. ಎಲ್ಲರ ಒಪ್ಪಿಗೆ ಇದೆ ಎಂದುಕೊಳ್ಳುತ್ತೇನೆ." ಹೌದೆನ್ನುವವರು ಹೌದೆಂದರು. ಮಸೂದೆ ಪಾಸಾಯಿತು. ಅವಳು ಮೇಜಿನ ಮರದ ಗೆರೆಗಳನ್ನು ನೋಡುತ್ತಾ ಕೂತಿದ್ದಳು. ಗ್ಯಾಲರಿಯ ಕಡೆ ಕತ್ತೆತ್ತಲು ಆಗಲಿಲ್ಲ. ಕತ್ತಿನ ಹಿಂಭಾಗ ಸುಡುತ್ತಿತ್ತು, ಯಾರೋ ಬಿಸಿ ಇಸ್ತ್ರಿ ಹತ್ತಿರ ಹಿಡಿದಂತೆ.

ಕೆಳಗಿನ ಪಡಸಾಲೆಯಲ್ಲಿ ಹೆಂಗಸರು ಕಾಯುತ್ತಿದ್ದರು. ಹಿಂದಿನ ಬಾಗಿಲಿಂದ ಹೋಗಿಬಿಡೋಣವೇ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಗಿ ಮುಂದಿನಿಂದಲೇ ಬಂದಳು. ಯಾರೂ ಏನೂ ಬೈಯಲಿಲ್ಲ. ಡ್ರಮ್ಮು ನಡೆಸುವವಳು, "ಕುರ್ಚಿ ಎಲ್ಲಾ ಚೆನ್ನಾಗಿವೆ ಕಣೇ, ಮೆತ್ತಗೆ" ಎಂದಳು. ಇನ್ನೊಬ್ಬಳು, "ಪರದೆ ತೊಳೆದು ಎಷ್ಟು ಕಾಲ ಆಗಿದೆಯೋ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ದೊಡ್ಡಮ್ಮ, ನಾನು..." ಎಂದು ಅವಳು ಶುರು ಮಾಡಿದಳು.

ದೊಡ್ಡಮ್ಮ ಅವಳ ಭುಜದ ಮೇಲೆ ಸುಕ್ಕಾಗಿದ್ದ ಬಟ್ಟೆಯನ್ನು ಆ ಮೊಟಕು ಬೆರಳಿನಿಂದಲೇ ಎಳೆದು ಸರಿಮಾಡಿದಳು. ಅಳಿಯ ಎಲ್ಲಿಂದ ಆ ಮಾತು ಕಲಿತನೆಂದು ಅವಳಿಗೆ ಈಗ ತಿಳಿದಿತ್ತು.

"ಓಗ್ಲಿ ಬಿಡು ಮಗಾ. ನಾವೂ ಕೇಳಿದ್ದಾಗಿ ಭಾವಿಸ್ತೀವಿ."

ಅದರಲ್ಲಿ ಕೊಂಕಿರಲಿಲ್ಲ. ಅತ್ತ ಮಗುವಿಗೆ ಸಮಾಧಾನ ಹೇಳುವ ದನಿಯಲ್ಲೇ ಹೇಳಿದಳು. ಹಾಗೆ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎಲ್ಲರನ್ನೂ ಕರೆದುಕೊಂಡು ಹೊರಟುಹೋದಳು.

ಮನೆಯಲ್ಲಿ ಗಂಡ ಅವಳ ಮುಖ ನೋಡಿದವನೇ ಏನೂ ಕೇಳದೆ ಪಾತ್ರೆ ತೊಳೆದ. ಆ ಮಾತನ್ನು ಅವನು ಮತ್ತೆಂದೂ ಆಡಲಿಲ್ಲ. ಅವನು ಆಡದೆ ಬಿಟ್ಟದ್ದೂ ಅವಳಿಗೆ ಚುಚ್ಚಿತು.

ಮರುದಿನ ಬೆಳಿಗ್ಗೆ ಅವಳು ಲಾಂಡ್ರಿಗೆ ಹೋದಳು. ಗೋಡೆಯ ಮೇಲಿನ ಅವಳ ಫೋಟೋ ಹಬೆಗೆ ಅಂಚು ಸುರುಟಿಕೊಂಡಿತ್ತು. ಯಾರೂ ಅದನ್ನು ತೆಗೆದಿರಲಿಲ್ಲ. ಅವಳು ಉಗುರಿನಿಂದ ಕೆರೆದು ಕೆರೆದು ತೆಗೆದಳು. ಎಲ್ಲರೂ ನೋಡಿದರು, ಯಾರೂ ತಡೆಯಲಿಲ್ಲ. ಒಗೆದ ಹೊದಿಕೆಗಳ ಬುಟ್ಟಿಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು. ದೊಡ್ಡಮ್ಮ ಹಳೆಯ ರೋಲರಿಗೆ ಬಟ್ಟೆ ಒಡ್ಡುತ್ತಿದ್ದಳು. ಬಟ್ಟೆ ಒಳಗೆ ಹೋಗುವಾಗಲೆಲ್ಲ ಅವಳ ಕೈ ಅದರ ಬಾಯಿಯವರೆಗೂ ಹೋಗಿ ಹಿಂದಕ್ಕೆ ಬರುತ್ತಿತ್ತು.

"ಏಳು" ಎಂದಳು ದೊಡ್ಡಮ್ಮ, ತಿರುಗದೆಯೇ.

"ಏನು ಏಳ್ಲಿ ದೊಡ್ಡಮ್ಮ? ನನ್ನ ಮಾತು ಕೇಳಿದ್ರೆ ಅವ್ರೆಲ್ಲಾ ನಗ್ತಾರೆ. ಎದರ್ಕೊಂಡೆ. ಅಷ್ಟೇ."

"ಅಯ್ಯೋ, ಎದ್ದೇಳೇ ಅಂದೆ! ಒಗೆದ ಬಟ್ಟೆ ಮೇಲೆ ಕೂತಿದ್ದೀಯ!"

ಅಕ್ಕಪಕ್ಕದವರು ಗೊಳ್ಳೆಂದರು. ಅವಳು ದಡಕ್ಕನೆ ಎದ್ದಳು. ದೊಡ್ಡಮ್ಮ ಒಂದು ಹೊದಿಕೆ ಮುಗಿಸಿ, ಇನ್ನೊಂದಕ್ಕೆ ಕೈ ಹಾಕುವ ಮೊದಲು ಮೆಲ್ಲಗೆ ಕೇಳಿದಳು, "ಈಗ ನಾವೂ ನಕ್ವಲ್ಲ. ಸತ್ತೋದ್ಯಾ?"

ಮಸೂದೆ ಪಾಸಾದರೂ ನಿಯಮ ಬರೆಯುವುದು ಬಾಕಿಯಿದೆ, ಸಚಿವರು ಮನಸ್ಸು ಮಾಡಿದರೆ ಅಲ್ಲಿ ಸೇರಿಸಬಹುದು ಎಂದು ಮೇಷ್ಟ್ರು ಹುಡುಕಿ ಹೇಳಿದರು. ಭಾಷಣ ಬರೆಯಲು ಪೆನ್ನು ತೆಗೆದರು. ಅವಳು ಬೇಡ ಅಂದಳು.

ತುರ್ತು ವಿಷಯ ಎತ್ತುವವರಿಗೆ ಸದನದಲ್ಲಿ ಒಂದಿಷ್ಟು ಹೊತ್ತು ಕೊಡುತ್ತಾರೆ. ಆ ಹೊತ್ತಿಗೆ ಅವಳು ಹೆಸರು ಕೊಟ್ಟಳು. ಸರದಿ ಬಂದಾಗ ಗ್ಯಾಲರಿಯಲ್ಲಿ ಅವಳ ಕಡೆಯವರು ಯಾರೂ ಇರಲಿಲ್ಲ. ಸಚಿವರಿದ್ದರು, ಏನೋ ಓದುತ್ತಿದ್ದರು. ಅವಳು ಎದ್ದು ನಿಂತಳು. ಅಧ್ಯಕ್ಷರು ಅಭ್ಯಾಸದಂತೆ, "ಮಂಡಿಸುತ್ತೀರಲ್ಲವೇ?" ಎಂದರು. ಸಿಬ್ಬಂದಿಯವನು ಕಾಗದಕ್ಕೆಂದು ಆಗಲೇ ಕೈ ನೀಡಿಕೊಂಡು ಬಂದಿದ್ದ. ಅವಳ ಕೈ ಬರಿದಾಗಿತ್ತು.

"ಇಲ್ಲ ಅಧ್ಯಕ್ಷರೇ. ಏಳ್ತೀನಿ."

"ಎದ್ದೇ ನಿಂತಿದ್ದೀರಲ್ಲ!" ಎಂದರು ಅಧ್ಯಕ್ಷರು.

ಸದನ ನಕ್ಕಿತು. ಅದೇ ನಗು, ಅದೇ ಹಿಂದಿನ ಸಾಲು. ಸಚಿವರೂ ನಗುತ್ತಾ ಓದುವುದನ್ನು ಬಿಟ್ಟು ತಲೆಯೆತ್ತಿದರು. ಅವಳ ಕಿವಿ ಸುಟ್ಟವು. ನಾಚಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆ ನಗುವಿನದಕ್ಕಿಂತಲೂ ಹೆಚ್ಚಾಗಿ, ಕಾಗದ ಕೊಟ್ಟು ಕೂತ ದಿನದ ನಾಚಿಕೆ ಅದು. ಮೇಜಿನ ಅಂಚು ಹಿಡಿದುಕೊಂಡು, ಸ್ವಿಚ್ಚು ಎಳೆದ ಮೇಲೂ ಸ್ವಲ್ಪ ದೂರ ಉರುಳಿ ನಿಲ್ಲುವ ರೋಲರನ್ನು ಕಾಯುವಂತೆ, ನಗು ನಿಲ್ಲುವವರೆಗೆ ಕಾದಳು. ಕೂರಲಿಲ್ಲ.

"ಅಳೆ ಮಿಷನ್ನು" ಎಂದಳು, ಲಾಂಡ್ರಿಯ ಆ ತುದಿಗೆ ಕೇಳುವ ದನಿಯಲ್ಲಿ. "ನಮ್ಮ ದೊಡ್ಡಮ್ಮನ ಎರಡು ಬೆರಳು ತಿಂದ ಮಿಷನ್ನು. ಅದರ ಬಗ್ಗೆ ಏಳ್ತೀನಿ."