ಗಾಲಿಗೆ ಕೊಟ್ಟ ಕಲ್ಲು

ಕೊನೆಯ ಬೋಲ್ಟು ಬಿಡಲೊಲ್ಲದು. ಲಾರಿಯ ಕೆಳಗೆ ಅಂಗಾತ ಮಲಗಿದ್ದ ಮೆಕ್ಯಾನಿಕ್ ಕೊಟ್ರೇಶ್ ಪಾನಾದ ತುದಿಗೆ ಪೈಪು ಸಿಕ್ಕಿಸಿ ಜಗ್ಗಿದ. ಬೋಲ್ಟು ಕಿರುಗುಟ್ಟಿ ತಿರುಗಿತು. ಕೆಟ್ಟ ಸ್ಟಾರ್ಟರ್ ಮೋಟಾರನ್ನು ಎದೆಯ ಮೇಲೆ ಇಳಿಸಿಕೊಂಡು ಅವನು ಹೊರಗೆ ಸರಿದಾಗ ಹನ್ನೊಂದೂವರೆ. ತೀರಿಕೊಂಡಿದ್ದ ಕಲ್ಲೇಶಪ್ಪನನ್ನು ಮೂರು ಗಂಟೆಗೆ ಮಣ್ಣು ಮಾಡಲು ಹೊಲಕ್ಕೆ ಒಯ್ಯುವುದೆಂದು ಐನೋರು ಹೇಳಿದ್ದರು.

ಎದುರು ಮನೆಯ ಕಟ್ಟೆಯ ಮೇಲೆ ಕುಳಿತ ಮರುಳಸಿದ್ದಪ್ಪ ಇದನ್ನೆಲ್ಲ ನೋಡುತ್ತಿದ್ದ. ಸತ್ತವನು ಅವನ ಅಣ್ಣ. ಹನ್ನೊಂದು ವರ್ಷದ ಹಿಂದೆ ಪಾಲಾದಾಗ, ಇಬ್ಬರೂ ಸರದಿಯ ಮೇಲೆ ಓಡಿಸಿದ್ದ ಲಾರಿ ಅಣ್ಣನಿಗೆ ಹೋಯಿತು. ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಮರುಳಸಿದ್ದಪ್ಪ ಪಂಚರ ಎದುರು ಆಣೆ ಮಾಡಿದ. ಮಾತೂ ಅಂದೇ ನಿಂತಿತು. ಈಗ ಆ ಹೊಸ್ತಿಲಿನಾಚೆ ಅಣ್ಣನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹೆಗಲು ಕೊಡಬೇಕಾದ ತಮ್ಮ ಬೆಳಗಿನಿಂದ ಕಟ್ಟೆ ಇಳಿದಿರಲಿಲ್ಲ. ಕರೆಯಲು ಯಾರೂ ಬಂದಿರಲಿಲ್ಲ. ಬಂದಿದ್ದರೆ ಹೋಗುತ್ತಿದ್ದನೋ ಇಲ್ಲವೋ, ಅವನಿಗೇ ಗೊತ್ತಿರಲಿಲ್ಲ.

"ಟ್ರ್ಯಾಕ್ಟರ್ ತರ್ಸಿದ್ರೆ ಮುಗೀತಿತ್ತಲ್ಲೋ," ಎಂದು ಪಕ್ಕದ ಮನೆಯ ಅಜ್ಜಮ್ಮ ಕೊಟ್ರೇಶನನ್ನು ಕೇಳಿದಳು.

"ಗಂಡ ಅವ್ರ ಲಾರೀಲೇ ಹೋಗ್ಬೇಕು ಅಂತಾರೆ ರುದ್ರಕ್ಕ."

"ಹಂಗಾದ್ರೆ ದಿನಾ ಮಾಡ್ದಂಗೆ ಇಳಿಜಾರಿಗೆ ಬಿಟ್ಟು ಚಾಲೂ ಮಾಡು."

"ಮಠದ ಮುಂದೆ ಪೂಜೆಗೆ ನಿಲ್ಲಿಸ್ಬೇಕು. ಅಲ್ಲಿ ಮಟ್ಟಸ ನೆಲ. ಇಂಜಿನ್ ನಿಂತ್ರೆ ಕಲ್ಲೇಶಣ್ಣನ್ನ ಮೇಲೆ ಕೂರ್ಸಿ ಲಾರಿ ತಳ್ತಿಯೇನವ್ವ?"

"ತಳ್ಳಿದ್ರೆ ತಳ್ದೆ. ಬದುಕಿದ್ದಾಗ ದಿನಾ ಬೆಳಗ್ಗೆ ಒಂದ್ಸಲ ಹಾರನ್ ಹೊಡ್ದು ನಮ್ಮನ್ನೆಲ್ಲ ಎಬ್ಬಿಸ್ತಿದ್ದ. ಇವತ್ತು ಎಚ್ಚರಾನೇ ಆಗ್ಲಿಲ್ಲ ನಂಗೆ," ಎಂದು ಅಜ್ಜಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಒಳಗಿನಿಂದ ಕಲ್ಲೇಶಪ್ಪನ ಹೆಂಡತಿ ರುದ್ರಾಣಿಯೇ ಮಂಚದ ಕೆಳಗಿದ್ದ ಹೊಸ ಸ್ಟಾರ್ಟರಿನ ರಟ್ಟಿನ ಪೆಟ್ಟಿಗೆ ಹೊತ್ತು ತಂದು ಕೊಟ್ರೇಶನ ಮುಂದೆ ಇಟ್ಟಳು. ಅವನು ಧೂಳು ಒರೆಸಿ ವಾರಂಟಿ ಕಾರ್ಡು ಹುಡುಕಿದ.

"ಮಾರ್ಚ್ ಹದಿನಾಲ್ಕು, ಇಪ್ಪತ್ತೆರಡು. ನ್ಯಾಮತಿಯಿಂದ ನಾನೇ ತಂದುಕೊಟ್ಟಿದ್ದು. ಸೀಲೇ ಒಡ್ದಿಲ್ಲ ನೋಡ್ರಿ. ವಾರಂಟಿ ಮುಗ್ದು ಎರಡು ವರ್ಷದ ಮೇಲಾತು."

"ಮೂರು ವರ್ಷ ಮಂಚದ ಕೆಳಗೆ ಇಟ್ಕೊಂಡಿದ್ನಾ?" ಅಜ್ಜಮ್ಮ ಪೆಟ್ಟಿಗೆಯನ್ನು ಬಗ್ಗಿ ನೋಡಿದಳು. "ಮರಿ ಹಾಕತೈತೆ ಅಂತ ಕಾಯ್ತಿದ್ನೇನೋ."

ಮರುಳಸಿದ್ದಪ್ಪ ಕಟ್ಟೆಯ ಮೇಲೆ ನೆಟ್ಟಗೆ ಕುಳಿತ.

*

ಸ್ಟಾರ್ಟರ್ ಮೊದಲ ಸಲ ಕೈಕೊಟ್ಟದ್ದು ಆರು ವರ್ಷದ ಹಿಂದೆ. ಅಂದಿನಿಂದ ಕಲ್ಲೇಶಪ್ಪ ಲಾರಿಯನ್ನು ಓಣಿಯ ಮೇಲ್ತುದಿಯಲ್ಲಿ, ರಸ್ತೆ ಕಾಲುವೆಯ ಕಡೆಗೆ ಇಳಿಯುವಲ್ಲಿ ನಿಲ್ಲಿಸತೊಡಗಿದ. ಹ್ಯಾಂಡ್ ಬ್ರೇಕು ನಂಬುವಂತಿರಲಿಲ್ಲ. ಅದಕ್ಕೆ ಹಿಂದಿನ ಗಾಲಿಗೊಂದು ಕಲ್ಲು ಕೊಟ್ಟ. ಪಾಲಾದಾಗ ಇಬ್ಬರಿಗೂ ಬೇಡವಾಗಿದ್ದ, ಹಳೇ ಮನೆಯ ಒಡೆದ ಒರಳಿನ ತುಂಡು ಅದು.

ಮೊದಲ ದಿನ ಬೆಳಗ್ಗೆ ಅವನೇ ಕಲ್ಲು ತೆಗೆದ. ಕ್ಯಾಬಿನ್ನು ಮುಟ್ಟುವ ಮೊದಲೇ ಲಾರಿ ಚಲಿಸಿತು. ಹಲ್ಲುಜ್ಜುತ್ತಿದ್ದ ಮರುಳಸಿದ್ದಪ್ಪ ಕಟ್ಟೆಯಿಂದ ಹಾರಿ, ಕಲ್ಲನ್ನು ಗಾಲಿಯ ಮುಂದೆ ನೂಕಿದ. ಅಜ್ಜಮ್ಮನ ನೀರಿನ ತೊಟ್ಟಿಗೆ ಒಂದು ಮೊಳ ದೂರದಲ್ಲಿ ಲಾರಿ ನಿಂತಿತು.

ಅಣ್ಣ ತಮ್ಮ ಮುಖ ಮುಖ ನೋಡಿಕೊಂಡರು. ಕಲ್ಲೇಶಪ್ಪ ಮೇಲೆ ಹತ್ತಿ ಬ್ರೇಕು ತುಳಿದು ಕುಳಿತ. ಮರುಳಸಿದ್ದಪ್ಪ ಕಲ್ಲು ಎಳೆದು, ಹಿಂದೆ ಕ್ಲೀನರ್ ಆಗಿದ್ದಾಗ ಮಾಡುತ್ತಿದ್ದಂತೆ ಲಾರಿಯ ಮೈಗೆ ಅಂಗೈಯಿಂದ ಎರಡು ಸಲ ಬಡಿದ. ಲಾರಿ ಇಳಿಯಿತು, ಕ್ಲಚ್ ಬಿಟ್ಟಾಗ ಒಮ್ಮೆ ಜಗ್ಗಿ ಚಾಲೂ ಆಯಿತು. ಕೆಳಗಿನಿಂದ ಹಾರನ್ನು ಒಂದು ಸಲ ಕೂಗಿತು.

ಮರುದಿನ ಆರು ಮುಕ್ಕಾಲಿಗೆ ಕಲ್ಲೇಶಪ್ಪ ಕ್ಯಾಬಿನ್ನು ಹತ್ತಿ ಸುಮ್ಮನೆ ಕುಳಿತ. ಮರುಳಸಿದ್ದಪ್ಪ ಬಾಯಿ ತೊಳೆದುಕೊಂಡು ಇಳಿದು ಬಂದ. ಆಣೆ ಇದ್ದದ್ದು ಹೊಸ್ತಿಲಿಗೆ, ರಸ್ತೆಗಲ್ಲ. ಆಮೇಲೆ ಲಾರಿ ಹೊರಟ ದಿನವೆಲ್ಲ ಎರಡು ಬಡಿತ, ಒಂದು ಹಾರನ್ನು.

*

"ಅವತ್ತೇ ಹಾಕಾಕೆ ಬಂದಿದ್ದೆ. ಇರ್ಲಿ ಬಿಡೋ, ಈಗೇನ್ ಅರ್ಜಂಟು ಅಂದ್ರು," ಎನ್ನುತ್ತ ಕೊಟ್ರೇಶ್ ಹೊಸ ಸ್ಟಾರ್ಟರನ್ನು ಹೊರತೆಗೆದ.

"ಜಿಪುಣ," ಎಂದಳು ಅಜ್ಜಮ್ಮ.

"ಜಿಪುಣತನ ಅಲ್ಲ ಅಜ್ಜಮ್ಮ." ರುದ್ರಾಣಿ ಎದುರು ಕಟ್ಟೆಯತ್ತ ನೋಡಲಿಲ್ಲ. ಆದರೆ ಅಲ್ಲಿಗೆ ಕೇಳುವಷ್ಟು ಜೋರಾಗಿಯೇ ಹೇಳಿದಳು. "ನಂಗೂ ಹೇಳಿ ಹೇಳಿ ಸಾಕಾಗಿತ್ತು. ಇದು ಹಾಕಿಸಿದ್ರೆ ಅವನ್ಯಾಕೆ ಬರ್ತಾನೆ ಅಂತಿದ್ರು."

ಕೊಟ್ರೇಶ್ ಸ್ಟಾರ್ಟರ್ ಹಿಡಿದು ಮತ್ತೆ ಲಾರಿಯ ಕೆಳಗೆ ಸರಿದ.

ಮೂರಕ್ಕೆ ಐದು ನಿಮಿಷ ಇರುವಾಗ, ಬಾಳೆಕಂಬ ಕಟ್ಟಿದ ಮಂಟಪದಂಥ ವಿಮಾನದಲ್ಲಿ ಕಲ್ಲೇಶಪ್ಪನನ್ನು ಕೂರಿಸಿ ಲಾರಿಗೆ ಏರಿಸಿದರು. ಭಜನೆಯವರು ಮುಂದೆ ನಿಂತರು. ರುದ್ರಾಣಿ ಕ್ಯಾಬಿನ್ನಿನಲ್ಲಿ ಕುಳಿತಳು. ಕೊಟ್ರೇಶ್ ಕೀಲಿ ತಿರುಗಿಸಿದ. ಆರು ವರ್ಷದ ನಂತರ ಆ ಇಂಜಿನ್ನು ನಿಂತಲ್ಲೇ, ಒಂದೇ ಸಲಕ್ಕೆ ಹತ್ತಿಕೊಂಡಿತು.

"ಯಾರಾದ್ರೂ ಕಲ್ಲು ತೆಗೀರಿ," ಎಂದು ಅವನು ಕೂಗಿದ.

ಇಬ್ಬರು ಬಗ್ಗಿದರು. ರುದ್ರಾಣಿ ಕಿಟಕಿಯಿಂದ ತಲೆ ಹೊರಹಾಕಿದಳು.

"ನೀವು ಬಿಡ್ರಪ್ಪ. ಅದು ನಿಮ್ಮ ಕೆಲಸ ಅಲ್ಲ."

ಅವರು ಹಿಂದೆ ಸರಿದರು. ಭಜನೆಯ ತಾಳ ನಿಂತಿತು. ಇಂಜಿನ್ನು ಮಾತ್ರ ಗುಡುಗುಡು ಎನ್ನುತ್ತಿತ್ತು.

ಮರುಳಸಿದ್ದಪ್ಪ ಕಟ್ಟೆ ಇಳಿದ. ಜನ ದಾರಿ ಬಿಟ್ಟರು. ಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತು, ಎರಡೂ ಕೈಯಿಂದ ಕಲ್ಲನ್ನು ಅಲುಗಾಡಿಸಿ ಎಳೆದ. ಎದ್ದು ನಿಂತು ಲಾರಿಯ ಮೈಗೆ ಅಂಗೈಯಿಂದ ಬಡಿದ. ಒಂದು. ಎರಡು.

ಕೊಟ್ರೇಶನಿಗೆ ಆ ಲೆಕ್ಕ ಗೊತ್ತಿರಲಿಲ್ಲ. ರುದ್ರಾಣಿ ಅವನ ತೋಳಿನ ಮೇಲಿಂದ ಕೈ ಚಾಚಿ ಹಾರನ್ನು ಒತ್ತಿದಳು, ಒಂದು ಸಲ.

ಮರುಳಸಿದ್ದಪ್ಪ ಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡ.

"ಅದನ್ಯಾಕೆ ಹೊರ್ತೀಯೋ?" ಎಂದಳು ಅಜ್ಜಮ್ಮ.

"ಹೊಲದ ಹತ್ರಾನೂ ಇಳಿಜಾರೈತೆ ಕಣವ್ವ."

ಲಾರಿ ಮೊದಲ ಗೇರಿನಲ್ಲಿ, ಜಗ್ಗದೆ, ಕಾಲುವೆಯ ಕಡೆಗೆ ಇಳಿಯತೊಡಗಿತು. ಅವನು ಹೆಗಲ ಮೇಲಿನ ಕಲ್ಲಿಗೆ ಕೈಯಾನಿಸಿಕೊಂಡು ಅದರ ಹಿಂದೆ ನಡೆದ.