ಹೊಗೆಯಿಲ್ಲದ ಡಬ್ಬಿ

ಕವಿತಳಿಗೆ, ಅಂದರೆ ನನಗೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಊರೆಲ್ಲ ಹೇಳುತ್ತದೆ. ಹೇಳಲಿ. ಮನೆಯಲ್ಲಿ ರೇಷ್ಮೆ ಹುಳ ಸಾಕಿಕೊಂಡು, ಸಿಗರೇಟು ಸೇದುವ ಗಂಡನನ್ನೂ ಸಾಕುವವಳು ಇನ್ನೇನು ಭಜನೆ ಮಾಡಬೇಕಿತ್ತಾ?

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮೂರು. ಹೊಗೆಸೊಪ್ಪು ಅಂದರೆ ಹುಳಕ್ಕೆ ಯಮ ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಬೀಡಿ ಸೇದಿದವನು ಬಾಯಿ ಮುಕ್ಕಳಿಸಿ, ಕೈ ತೊಳೆದು, ಅಂಗಿ ಬದಲಾಯಿಸದೆ ಹುಳದ ಮನೆಯ ಹೊಸಿಲು ದಾಟುವಂತಿಲ್ಲ. ನನ್ನ ಗಂಡ ರಮೇಶ್‌ಬಾಬು ಒಂದು ಸಿಗರೇಟಿಗೆ ತೋಟದಾಚೆಯ ಹುಣಸೆಮರದ ತನಕ ಹೋಗಿ, ಬಂದು, ತೊಳೆದು, ಉಟ್ಟಿದ್ದು ಬದಲಾಯಿಸುವಷ್ಟರಲ್ಲಿ ನಾನೊಬ್ಬಳೇ ಅರ್ಧ ಮನೆಯ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಸಿರುತ್ತಿದ್ದೆ. ನಾಲ್ಕನೇ ಜ್ವರದಿಂದ, ಅಂದರೆ ಕಡೆಯ ಸಲ ಪೊರೆ ಬಿಟ್ಟು, ಎದ್ದ ಹುಳ ಸುಮ್ಮನೆ ಮೇಯುತ್ತದೆಯೇ? ಹಾಕಿದಷ್ಟೂ ಬೇಕು. ಆ ದಿನಗಳಲ್ಲಿ ಮದುವೆಯಿಲ್ಲ, ಸಾವಿಲ್ಲ, ಸಂತೆಯಿಲ್ಲ. ಕಿಟಕಿಗೆಲ್ಲ ಬಲೆ, ಬಾಗಿಲಿಗೆ ಪರದೆ, ಒಳಗೆ ನಾವಿಬ್ಬರು. "ತಿನ್ನಿ ತಾಯಂದಿರಾ, ಬೇಗ ಬೇಗ ತಿನ್ನಿ, ನಮ್ಮನ್ನ ಆಚೆಗೆ ಬಿಡಿ" ಅಂತ ಹುಳಗಳ ಹತ್ತಿರ ಮಾತಾಡುತ್ತ ನಾನು ಸೊಪ್ಪು ಹರಡುತ್ತಿದ್ದೆ.

ಜೈಲೇ ಅನ್ನಿ. ಆದರೆ ಆ ಜೈಲಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ನನ್ನ ತವರು ತೊಂಡೇಬಾವಿ. ಮದುವೆಗೆ ಮುಂಚೆ ಗೌರಿಬಿದನೂರಿನ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಅಲ್ಲಿ ನೀರು ಕುಡಿಯಲು ಎದ್ದರೂ ಸೂಪರ್‌ವೈಸರ್ ಮುಖ ನೋಡಬೇಕಿತ್ತು. ಹುಳದ ಮನೆಯಲ್ಲಿ ನನ್ನನ್ನು ಕೇಳುವವರಿರಲಿಲ್ಲ. ಇದ್ದದ್ದು ಮಾವ ಒಬ್ಬರೇ. ಹಿಂದಿನ ಎರಡು ಬೆಳೆ ರೋಗ ಬಿದ್ದು ಕೆಟ್ಟಮೇಲೆ ಮಾವ ಆವಲಪ್ಪನವರು ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟುಬಿಟ್ಟಿದ್ದರು.

"ಇದೊಂದು ಬೆಳೆ ನೋಡ್ತೀನಿ ಕಣಮ್ಮ. ಇದೂ ಹೋಯ್ತೋ, ಹುಳದ ಮನೆಗೆ ಬೀಗ. ಕೋಳಿ ಫಾರಂ ಮಾಡ್ತೀನಿ. ನೀನು ಬೇಕಾದ್ರೆ ಗಾರ್ಮೆಂಟ್ಸ್ ಬಸ್ಸು ಹತ್ಕೋ."

ಮಾವ ಹೇಳಿದರೆ ಹೇಳಿದ್ದೇ. ಹಾಗಾಗಿ ಈ ಬೆಳೆ ಉಳಿಯಲೇಬೇಕಿತ್ತು, ಗಂಡನ ಸಿಗರೇಟು ನಿಲ್ಲಲೇಬೇಕಿತ್ತು.

ದಾರಿ ತೋರಿಸಿದವನು ನನ್ನ ತಮ್ಮ ಚೈತನ್ಯ. ಚಿಂತಾಮಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಲೋಕದ ವಿದ್ಯೆಯೆಲ್ಲ ಅವನ ಫೋನಿನಲ್ಲಿದೆ. ಒಂದು ಮಧ್ಯಾಹ್ನ ಬಂದವನು ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಬ್ಯಾಟರಿಯಲ್ಲಿ ಓಡುವ ಇ-ಸಿಗರೇಟುಗಳ ಒಂದೊಂದೇ ಫೋಟೋ ತೋರಿಸಿದ.

"ಬಾವ, ಪೆನ್ ಥರದ್ದು ಬೇಡ. ಖಾಲಿ ಆದ್ರೆ ಬಿಸಾಕೋದೇ. ಟ್ಯಾಂಕ್ ಇರೋದು ತಗೊಂಡ್ರೆ ಅದರ ಕಾಯಿಲು, ಬಿಸಿ ಆಗೋ ತಂತಿ ಸುರುಳಿ, ಅದೇ ಕಂಪನೀದೇ ಬೇಕು, ಪದೇಪದೇ ಖರ್ಚು. ಡ್ರಿಪ್ಪಿಂಗ್ ನೋಡು, ಟ್ಯಾಂಕೇ ಇಲ್ಲ. ಕಾಯಿಲ್ ಒಳಗೆ ಒಂಚೂರು ಹತ್ತಿ ಇಡೋದು, ಮೇಲೆ ಬಾಟಲಿಯಿಂದ ಲಿಕ್ವಿಡ್ ಹನಿ ಬಿಡೋದು, ಎಳೆಯೋದು. ಒಣಗಿದ್ರೆ ಇನ್ನೊಂದೆರಡು ಹನಿ."

"ನಮ್ಮ ಟೊಮೇಟೊ ತೋಟದ ಡ್ರಿಪ್ ಥರಾನೇನಪ್ಪಾ?" ಅಂತ ರಮೇಶ್‌ಬಾಬು ನಕ್ಕ.

"ಹೂ ಬಾವ, ನೀನೇ ಗಿಡ ಅನ್ಕೋ! ಹೊಸಬರಿಗೆ ಒಂದು ಕಾಯಿಲಿನದೇ ಸಾಕು, ಸುತ್ತಿರೋದೇ ಸಿಗುತ್ತೆ. ಬ್ಯಾಟರಿ ಡಬ್ಬಿಗೆ ಮಾತ್ರ ಜುಗ್ಗತನ ಮಾಡ್ಬೇಡ. ಜಾಸ್ತಿ ಬಿಸಿ ಆದ್ರೆ ತಾನೇ ಆಫ್ ಆಗೋದು ತರ್ಸಣ. ಆದ್ರೆ ಬಾಯಿ ಬಿಡ್ಬೇಡಿ, ಇದನ್ನ ಮಾರೋದು ಬ್ಯಾನ್ ಆಗೈತೆ."

ನನಗೆ ಬೇಕಾಗಿದ್ದದ್ದು ಎರಡೇ ಮಾತು. "ಹೊಗೆ ಬರುತ್ತೇನೋ?"

"ಹೊಗೆ ಎಲ್ಲಿಂದ ಬರುತ್ತಕ್ಕ, ಬೆಂಕೀನೇ ಇಲ್ಲ. ಬರೀ ಆವಿ. ವಾಸನೇನೂ ಸ್ಟ್ರಾಬೆರಿ."

"ಹೊಗೆಸೊಪ್ಪು?"

"ಸೊಪ್ಪೇ ಇಲ್ಲ. ನಿಕೋಟಿನ್ ಅಂತ ಇರುತ್ತೆ, ನೀರಿನ ಥರ."

ಇಂಗ್ಲಿಷ್ ಹೆಸರಿದ್ದರೆ ಔಷಧಿಯೇ ಇರಬೇಕು ಅಂದುಕೊಂಡೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಸೊಪ್ಪಿಲ್ಲ. ಫೋಟೋಗಳಲ್ಲಿ ಎಲ್ಲಕ್ಕಿಂತ ಅಗ್ಗದ, ಸರಳವಾದ, ಹನಿ ಬಿಡುವ ಡಬ್ಬಿಯ ಮೇಲೆ ನಾನೇ ಬೆರಳಿಟ್ಟೆ. "ಇದನ್ನೇ ತರ್ಸೋ."

ಡಬ್ಬಿ ಬಂತು. ಹುಣಸೆಮರದ ಯಾತ್ರೆ ನಿಂತಿತು. ಗಂಡ ಹುಳದ ಮನೆಯೊಳಗೇ ಬುಟ್ಟಿ ಕವುಚಿ ಅದರ ಮೇಲೆ ಕೂತು, ಪುಟ್ಟ ಬಾಟಲಿಯಿಂದ ಹನಿ ಬಿಟ್ಟುಕೊಂಡು, ಎಳೆದು, ಆವಿಯನ್ನು ಕಿಟಕಿಯ ಬಲೆಯಾಚೆ ಊದುತ್ತಿದ್ದ. ಆಮೇಲೆ ಎದ್ದು ಸೊಪ್ಪು ಹಾಕುತ್ತಿದ್ದ. ಎಡಗಡೆಯ ಅಂಕಣ ನನ್ನದು, ಬಲಗಡೆಯದು ಅವನದು. ಗಂಡನ ಮೇಲೆ ಕಿರುಚದೆ ದಿನ ಕಳೆಯಬಹುದು ಅಂತ ನನಗೆ ಆಗಲೇ ಗೊತ್ತಾದದ್ದು. ಸುಖವಾಗಿದ್ದೆ, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹುಳಗಳು ತಲೆಯೆತ್ತಿ ಅಲ್ಲಾಡಿಸುತ್ತಿದ್ದವು. ಬಾಯಿಂದ ಹಸಿರು ರಸ ಕಕ್ಕುತ್ತಿದ್ದವು. ಎಷ್ಟೋ ಆಗಲೇ ಕುಗ್ಗಿ, ಕಪ್ಪಗಾಗಿ ಬಿದ್ದಿದ್ದವು.

"ಅಯ್ಯೋ ದೇವುಡಾ!" ಅಂತ ಅರಚಿದೆ. ಇದು ರೋಗವಲ್ಲ, ಹೊಗೆಸೊಪ್ಪಿನ ವಿಷ. ಕಂಡವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಬೇಲಿಯಾಚೆ ಗಂಗುಲಪ್ಪನ ಟೊಮೇಟೊ ತೋಟ. ಹಿಂದಿನ ದಿನ ಅವನು ಬೆನ್ನಿಗೆ ಸ್ಪ್ರೇ ಡಬ್ಬ ಹಾಕಿಕೊಂಡು ಓಡಾಡಿದ್ದನ್ನು ಈ ಕಣ್ಣಿಂದಲೇ ನೋಡಿದ್ದೆ. ಹೊಗೆಸೊಪ್ಪು ನೆನೆಸಿದ ನೀರು ಹೊಡೆದರೆ ಗಿಡಕ್ಕೆ ಹುಳು ಬೀಳುವುದಿಲ್ಲ ಅಂತ ಕೆಲವರು ಕದ್ದು ಹೊಡೆಯುವುದುಂಟು. ಅದೇ ಗಾಳಿಗೆ ಹಾರಿ ನಮ್ಮ ತೋಟದ ಸೊಪ್ಪಿನ ಮೇಲೆ ಬಿದ್ದಿರಬೇಕು. ನಾನು ಬೇಲಿಯ ಹತ್ತಿರ ಓಡಿ, ಎರಡು ಕೈಯಲ್ಲೂ ಮಣ್ಣು ಬಾಚಿ ಅವನ ಮನೆ ಕಡೆಗೆ ತೂರಿದೆ.

"ನನ್ನ ಹುಳ ಕೊಂದೋನ ಮನೆ ಹಾಳಾಗ! ನಿನ್ನ ಒಲೆ ಉರೀದೆ ಹೋಗ!"

ಜನ ಸೇರಿದರು. ಗಂಗುಲಪ್ಪ, "ನಾನು ಹೊಡ್ದಿದ್ದು ಬೇವಿನೆಣ್ಣೆ ಕಣಮ್ಮ" ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಮಾವ ಬಂದು ನನ್ನ ಭುಜ ತಟ್ಟಿದರು.

"ಅಳಬೇಡಮ್ಮ. ಇದು ನಿನ್ನ ತಪ್ಪಲ್ಲ. ಇವನ ಹತ್ರ ನ್ಯಾಯ ಮಾಡ್ಕೊಳ್ಳಣ. ಹುಳದ ಮನೆ ಹಂಗೇ ಇರ್ಲಿ, ಇನ್ನೊಂದು ಬೆಳೆ ತಗಿ."

ಆ ಅಳುವಿನ ನಡುವೆಯೂ ನನ್ನ ಎದೆ ಹಗುರಾಯಿತು. ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡೆ.

ಸತ್ತ ಹುಳ ಬಾಚಲು ಒಳಗೆ ಹೋದಾಗ ಕಣ್ಣಿಗೆ ಬಿತ್ತು. ಎಡಗಡೆಯ ಹುಳಗಳು ಸೊಗಸಾಗಿ ಮೇಯುತ್ತಿದ್ದವು. ಸತ್ತದ್ದೆಲ್ಲ ಬಲಗಡೆ. ಎರಡೂ ಕಡೆಗೆ ಹಾಕಿದ್ದು ಒಂದೇ ತೋಟದ, ಒಂದೇ ಹೊರೆಯ ಸೊಪ್ಪು. ಬಲಗಡೆಯ ಒಂದು ಎಲೆ ಎತ್ತಿ ಮೂಸಿದೆ. ಸ್ಟ್ರಾಬೆರಿ.

ರಮೇಶ್‌ಬಾಬು ಬಾಗಿಲಲ್ಲೇ ನಿಂತಿದ್ದ. "ಚೈತನ್ಯಂಗೆ ಫೋನ್ ಮಾಡ್ದೆ ಕಣೇ. ನಿಕೋಟಿನ್ ಅಂದ್ರೆ ಹೊಗೆಸೊಪ್ಪಿನ ಸತ್ವಾನೇ ಅಂತೆ. ಹನಿ ಬಿಡುವಾಗ ಬೆರಳ ಮೇಲೆ ಸುರೀತಿತ್ತು. ಪಂಚೆಗೆ ಒರೆಸ್ಕೊಂಡು ಸೊಪ್ಪು ಹಾಕ್ತಿದ್ದೆ."

ಹೊಗೆಗೆ ಹೆದರಿ ಕಿಟಕಿಗೆಲ್ಲ ಬಲೆ ಕಟ್ಟಿದ್ದೆವು. ಯಮ ಕೈಬೆರಳಿನ ತುದಿಯಲ್ಲಿ ಬಂದಿದ್ದ. ಹನಿ ಹನಿಯಾಗಿ ಬಿಡುವ ಡಬ್ಬಿಯೇ ಬೇಕು, ಅದೇ ಅಗ್ಗ ಅಂದವಳು ನಾನು.

"ನಾಯ್ನಗೆ ಹೇಳ್ಬೇಡ್ವೆ. ಇವತ್ತೇ ಬೀಗ ಹಾಕ್ತಾರೆ. ನಿನ್ ಹುಳದ ಮನೆ ಹೋಗುತ್ತೆ," ಅಂದ ಅಪ್ಪನ ಭಯಕ್ಕೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಾಯಿ ಬಿಟ್ಟರೆ ನನ್ನ ಮನೆ ಹೋಗುತ್ತದೆ, ಮುಚ್ಚಿದರೆ ಗಂಗುಲಪ್ಪನ ಮಾನ ಹೋಗುತ್ತದೆ. ಬಿಸಿತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಬಲಗಡೆ ಗುಡಿಸಿ, ತೊಳೆದು, ಬಾಯಿ ಮುಚ್ಚಿಕೊಂಡು ಕೂತೆ. ನನಗೆ ಬಾಯಿ ಮುಚ್ಚಿ ಅಭ್ಯಾಸವಿಲ್ಲ.

ಸಂಜೆ ಗಂಗುಲಪ್ಪ ಬಂದ. ಜಗಳಕ್ಕಲ್ಲ. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆಯಿತ್ತು, ಜೊತೆಗೆ ಊರ ಹಿರಿಯ ನಲ್ಲಪ್ಪನವರಿದ್ದರು. ಟೊಮೇಟೊ ಸಾಲಿನ ಪಕ್ಕದಲ್ಲೇ ಅವನದೂ ಒಂದಿಷ್ಟು ಹಿಪ್ಪುನೇರಳೆಯಿದೆ.

"ಔಷಧಿ ಹೊಡ್ದಿದ್ದು ಮೊದಲು ಬೀಳೋದು ನನ್ನ ಸೊಪ್ಪಿಗೇ ತಾನೆ? ಉಳಿದಿರೋ ಹುಳಕ್ಕೆ ಇದನ್ನೇ ಹಾಕಿ. ಸತ್ರೆ ನಾನು ಪಾಪಿ. ಬದುಕಿದ್ರೆ, ತೂರಿದ ಮಣ್ಣು ವಾಪಸ್ ತಗೊಳ್ಳಲಿ ನಿಮ್ಮ ಸೊಸೆ," ಅಂದ.

"ನ್ಯಾಯವಾದ ಮಾತು," ಅಂದರು ನಲ್ಲಪ್ಪ. ಎಲ್ಲರೂ ಕಾಲು ತೊಳೆದು ಒಳಗೆ ಬಂದು ಗೋಡೆಗೊತ್ತಿ ನಿಂತರು. ಮಾವ ಮಗನ ಕಡೆ ತಿರುಗಿ, "ರಮೇಶ, ನೀನೇ ಹಾಕಪ್ಪ" ಅಂದರು.

ಗಂಡ ಕೈ ಚಾಚಿದ. ಮಧ್ಯಾಹ್ನವೆಲ್ಲ ಭಯಕ್ಕೆ ಆ ಡಬ್ಬಿಯನ್ನು ಎಳೆಯುತ್ತಲೇ ಇದ್ದನೆಂದು ಕಾಣುತ್ತದೆ, ಬೆರಳುಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ನನ್ನ ಮುಖ ನೋಡಲಿಲ್ಲ. ಮರೆತು ಚಾಚಿದನೋ ಬೇಕೆಂದೇ ಚಾಚಿದನೋ, ಇವತ್ತಿಗೂ ನಾನು ಕೇಳಿಲ್ಲ. ಆ ಕೈ ಸೊಪ್ಪು ಮುಟ್ಟಿದರೆ ನನ್ನ ಎಡಗಡೆಯ ಹುಳಗಳೂ ಸಾಯುತ್ತವೆ, ಗಂಗುಲಪ್ಪ ಪಾಪಿಯಾಗುತ್ತಾನೆ, ಹುಳದ ಮನೆ ನನ್ನದಾಗೇ ಉಳಿಯುತ್ತದೆ. ನಾನು ಸುಮ್ಮನಿದ್ದರೆ ಸಾಕಿತ್ತು.

"ಮುಟ್ಬೇಡ!"

ಅವನ ಮಣಿಕಟ್ಟು ನನ್ನ ಕೈಯಲ್ಲಿತ್ತು. ಮಾವ ಮಗನ ಕೈಯನ್ನು ಮೂಗಿನ ಹತ್ತಿರ ಎಳೆದುಕೊಂಡು ಮೂಸಿದರು.

"ಗಂಗುಲಪ್ಪಣ್ಣ, ನಿನ್ನ ಸೊಪ್ಪಲ್ಲಿ ವಿಷ ಇಲ್ಲ," ಅಂದೆ. "ವಿಷ ಈ ಕೈಯಲ್ಲೈತೆ. ಹೊಗೆಸೊಪ್ಪಿನ ಸತ್ವ ಎಳೆಯೋ ಡಬ್ಬಿ ಬೇಕು ಅಂತ ತರ್ಸಿದ್ದು ನಾನೇ. ನನ್ನ ಬಾಯಿ ಸುಟ್ಟುಹೋಗ, ನಿನಗೆ ಶಾಪ ಹಾಕ್ದೆ."

ಕೈ ತೊಳೆದು ಬಂದು ಸೊಪ್ಪು ನಾನೇ ಹಾಕಿದೆ. ಹುಳಗಳು ತಲೆಯೆತ್ತಲಿಲ್ಲ, ಕಕ್ಕಲಿಲ್ಲ, ಮೇಯತೊಡಗಿದವು. ಗಂಗುಲಪ್ಪ ಸ್ವಲ್ಪ ಹೊತ್ತು ನೋಡಿದ. "ನಾಳೇಗೂ ನನ್ ತೋಟದಲ್ಲೇ ಕುಯ್ಕೊಳ್ಳಮ್ಮ," ಅಂದು ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಹೋದಮೇಲೆ ಮಾವ ಕೈ ಚಾಚಿದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಡಹೋದೆ. ಅವರು ಹುಳಗಳನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಇವು ಗೂಡು ಕಟ್ಟೋವರ್ಗೂ ನಿನ್ನತ್ರಾನೇ ಇರ್ಲಿ. ಆಮೇಲೆ ಕೊಡು."

ಪರದೆ ಬಿಟ್ಟೆ. ಹುಳಗಳು ಹೊಟ್ಟೆಬಾಕರ ಹಾಗೆ ಮೇಯುತ್ತಿದ್ದವು. ಹಣ್ಣಾಗಿ, ಗೂಡು ಕಟ್ಟುವ ಬಿದಿರ ತಟ್ಟೆ ಚಂದ್ರಂಕಿ ಏರಲು ಅವಕ್ಕೆ ಹೆಚ್ಚು ದಿನ ಬೇಕಿರಲಿಲ್ಲ. ಇನ್ನೊಂದು ಹಿಡಿ ಸೊಪ್ಪು ಹರಡುತ್ತ, ನಿಧಾನಕ್ಕೆ ತಿನ್ನಿ ತಾಯಂದಿರಾ, ನಿಧಾನಕ್ಕೆ ತಿನ್ನಿ ಅಂತ ಬೇಡಿಕೊಂಡೆ.