ಚೀಟಿಯಲ್ಲಿ ಬರೆಸಿದ ಗಾಯ

ನನ್ನ ಅಳಿಯ ನಾಯಿಗಳಿಗೆ ಶಿಸ್ತು ಕಲಿಸುವವನು. ಊರವರ ನಾಯಿಗಳೆಲ್ಲ ಇವನ ಹತ್ತಿರ ಬಂದು ಮರ್ಯಾದೆ ಕಲಿತು ಹೋಗುತ್ತವಂತೆ. ಮನೆಯ ನಾಯಿಗೆ ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲವೇನೋ, ಅದು ಅವನ ಮಗಳ ಮುಖಕ್ಕೇ ಬಾಯಿ ಹಾಕಿತು. ಐದು ವರ್ಷದ ಕೂಸು. ಕೆನ್ನೆ ತುಟಿಯ ಅಂಚಿನವರೆಗೂ ಸೀಳಿತ್ತು.

ನನ್ನ ಮಗಳು ಕೆಲಸಕ್ಕೆ ಹೋಗಿದ್ದಳು. ನಾನೇ ಮೊಮ್ಮಗಳನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ, ಕಾಲು ಗಂಟೆ ಗಾಯ ತೊಳೆದೆ. ಅಷ್ಟು ಹೊತ್ತೂ ಮಹಾರಾಯ ನಾಯಿಯ ಬೆನ್ನು ಸವರುತ್ತಿದ್ದ. ಪಾಪ, ಅದಕ್ಕೆ ಗಾಬರಿಯಾಗಿತ್ತಂತೆ.

ಆಸ್ಪತ್ರೆಯಲ್ಲಿ ಚೀಟಿ ಬರೆಸಿದವನು ಅವನೇ. ಡಾಕ್ಟರಮ್ಮ ಹೊಲಿಗೆಗೆ ಕೈಗವಸು ಹಾಕಿಕೊಳ್ಳುವಾಗ ಮೇಜಿನ ಮೇಲಿದ್ದ ಚೀಟಿ ಓದಿದೆ: 'ಗಾಜು ತಾಗಿ ಗಾಯ.'

"ಏನು ಅಳಿಯಂದಿರೇ ಇದು?"

"ಮೆಲ್ಲಗೆ ಅತ್ತೆ! ನಮ್ಮನೆ ನಾಯೀನೇ ಕಚ್ಚಿದೆ ಅಂದ್ರೆ ನನ್ನ ಹೆಸರು ಏನಾಗ್ಬೇಕು? ಹೇಗೂ ಹೊಲಿಗೆ ಹಾಕ್ತಾರಲ್ಲ."

"ಹುಚ್ಚುನಾಯಿ ರೋಗದ ಸೂಜಿ?"

"ನಮ್ಮದು ಒಳ್ಳೆ ಜಾತಿ ನಾಯಿ."

"ರೋಗ ಜಾತಿ ಕೇಳ್ಕೊಂಡು ಬರುತ್ತಾ?" ಎಂದವಳೇ ಡಾಕ್ಟರಮ್ಮನ ಕಡೆ ತಿರುಗಿದೆ. "ಅಮ್ಮಾ, ಹೊಲೀಬೇಡಿ. ಇದು ಗಾಜಲ್ಲ, ನಾಯಿ ಹಲ್ಲು."

ಆಕೆ ದಾರ ಕೆಳಗಿಟ್ಟು ಮಗುವಿನ ಗಲ್ಲ ಎತ್ತಿ ನೋಡಿದರು. ಗಲ್ಲದಡಿ ಹಲ್ಲು ನಾಟಿದ ಎರಡು ಸಣ್ಣ ತೂತು.

"ನಿಮ್ಮ ಗಾಜಿಗೆ ಕೆಳದವಡೆ ಬೇರೆ ಇದೆಯೇನ್ರೀ?" ಎಂದು ಅಳಿಯನನ್ನು ಕೇಳಿದರು. "ಮುಖದ ಗಾಯ, ಮಿದುಳಿಗೆ ಹತ್ತಿರ. ಮೊದಲು ಗಾಯದೊಳಗೇ ಔಷಧಿ ಚುಚ್ಚಬೇಕು, ಆಮೇಲೆ ಹೊಲಿಗೆ. ಸುಮ್ನೆ ಹೊಲಿದುಬಿಟ್ಟಿದ್ರೆ ಮಗು ಜೀವಕ್ಕೇ ಕುತ್ತು ಬರ್ತಿತ್ತು. ನಾಯಿಗೆ ಲಸಿಕೆ ಆಗಿದ್ಯಾ?"

"ಹಾಕಿಸ್ಬೇಕು ಅಂತಲೇ ಇದ್ದೆ..."

"ಬನ್ನಿ, ಮಗೂ ತಲೆ ಹಿಡ್ಕೊಳ್ಳಿ."

ಕರುವಿನಷ್ಟೆತ್ತರದ ನಾಯಿಗಳನ್ನು ಗದರಿಸುವ ಗಂಡಸು ಸೂಜಿ ನೋಡಿ ಬೆವರಿದ. ಗೋಡೆ ಹಿಡಿದುಕೊಂಡು, "ತಲೆ ಸುತ್ತುತ್ತೆ" ಎಂದ. ಮಗು ಕೂಡ ಅಳು ನಿಲ್ಲಿಸಿ ಅಪ್ಪನನ್ನೇ ನೋಡಿತು. ತಲೆಯನ್ನು ನಾನೇ ಎದೆಗೊತ್ತಿ ಹಿಡಿದೆ. ಗಾಯದ ಸುತ್ತ ಸೂಜಿ ಇಳಿದಾಗಲೆಲ್ಲ ಮಗು ನನ್ನ ಸೆರಗು ಕಚ್ಚಿತು. ಕಚ್ಚಲಿ. ಆಮೇಲೆ ಸಡಿಲವಾಗಿ ಮೂರು ಹೊಲಿಗೆ, ತೋಳಿಗೊಂದು ಲಸಿಕೆ.

ಹೊರಗೆ ಬಂದ ಮೇಲೆ ಅಳಿಯನಿಗೆ ಬಾಯಿ ಬಂತು. "ಅತ್ತೆ, ಇವಳಮ್ಮನಿಗೆ ಗಾಜು ಅಂತಲೇ ಹೇಳೋಣ."

"ಫೋನ್ ಕೊಡಿ ಇಲ್ಲಿ."

ಕೊಟ್ಟ. ನನ್ನ ಮಗಳಿಗೆ ರಿಂಗಾಗುತ್ತಿರುವಾಗಲೇ ಗೊಣಗಿದ: "ಮುಂದಿನ ಸೂಜಿ ಮೂರು ದಿನಕ್ಕಂತೆ. ಅವತ್ತು ನನಗೆ ನಾಯಿ ಕ್ಲಾಸಿದೆ."

"ನಿಮ್ಮನ್ನ ಯಾರು ಕರೆದ್ರು?" ಎಂದೆ.